ಮಾತಿಗಿಂತ ಮೊದಲು ಬಂದ ನಗು

ಇಲೊಯಿಲೊ ಪಟ್ಟಣದಲ್ಲಿ ವೆಬ್‌ಸೈಟ್ ಮಾಡಿ ಹೊಟ್ಟೆ ಹೊರೆಯುವವರು ಆಗ ಹದಿನೈದಿಪ್ಪತ್ತು ಮಂದಿ ಇದ್ದೆವು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಲಾ ಪಾಸ್ ಮಾರುಕಟ್ಟೆಯ ಪಕ್ಕದ ಬಾಚೊಯ್ ಎಂಬ ಶಾವಿಗೆಸಾರು ಮಾರುವ ಅಂಗಡಿಯ ಮಹಡಿಯಲ್ಲಿ ಸೇರುತ್ತಿದ್ದೆವು. ಕೆಳಗೆ ದೊಡ್ಡ ಹಂಡೆಯಲ್ಲಿ ಹಂದಿಮಾಂಸದ ಸಾರು ಕುದಿಯುತ್ತಿತ್ತು. ಅದರ ಬೆಳ್ಳುಳ್ಳಿ ಘಮ ಮೆಟ್ಟಿಲು ಹತ್ತಿ ಬಂದು ನಮ್ಮ ಬಟ್ಟೆಬರೆಗೆಲ್ಲ ಅಂಟುತ್ತಿತ್ತು. ಅಂಗಡಿಯಾಕೆ ಮಹಡಿಗೆ ಬಾಡಿಗೆ ಕೇಳುತ್ತಿರಲಿಲ್ಲ. ಹೋಗುವಾಗ ಎಲ್ಲರೂ ಒಂದೊಂದು ಬಟ್ಟಲು ಬಾಚೊಯ್ ತಿಂದು ಹೋಗಬೇಕು, ಅಷ್ಟೇ ಕರಾರು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ದೆಲ್ಫಿನ್. ನನ್ನಪ್ಪನಿಗಿಂತ ದೊಡ್ಡವರು, ಆದರೂ ನಮ್ಮೂರ ವಾಡಿಕೆಯಂತೆ ಎಲ್ಲರೂ ಅಣ್ಣ ಎಂದೇ, ನೊಂಗ್ ಎಂದೇ ಕರೆಯುತ್ತಿದ್ದೆವು. ವೆಬ್ ಪುಟಗಳಲ್ಲಿ ಚಿತ್ರ ಕುಣಿಸುವ ಫ್ಲ್ಯಾಶ್ ಎಂಬ ತಂತ್ರ ಮೆರೆದ ಕಾಲದಲ್ಲಿ ಈ ಕೆಲಸಕ್ಕೆ ಅವರೇ ರಾಜ. ಹೋಟೆಲು, ದೋಣಿ ಕಂಪನಿ, ಮದುವೆ ಮಂಟಪ, ಯಾರ ಪುಟ ತೆರೆದರೂ ಮೊದಲು ಸಮುದ್ರದ ಅಲೆ ಉಕ್ಕಬೇಕು, ಗಿಟಾರು ನುಡಿಯಬೇಕು, ಹಕ್ಕಿಯೊಂದು ಎಡದಿಂದ ಬಲಕ್ಕೆ ಹಾರಿ ಬಂದು ಅಂಗಡಿಯ ಹೆಸರಿನ ಮೇಲೆ ಕೂರಬೇಕು. ಅದೆಲ್ಲ ಅವರ ಕೈಚಳಕ. ಅಲೆಯ ಸದ್ದು ಬೇಕೆಂದು ಅರೆವಾಲೊ ಕಡಲತೀರದಲ್ಲಿ ಸೊಂಟಮಟ್ಟ ನೀರಿನಲ್ಲಿ ರೆಕಾರ್ಡರ್ ಎತ್ತಿ ಹಿಡಿದು ನಿಂತಿದ್ದ ಮನುಷ್ಯ ಅವರು.

ಆಮೇಲೆ ಹೊಸ ಬಗೆಯ ಫೋನುಗಳು ಬಂದವು. ಅವುಗಳಲ್ಲಿ ಫ್ಲ್ಯಾಶ್ ಓಡಲಿಲ್ಲ. ಅಲೆ ಇರಬೇಕಾದ ಜಾಗದಲ್ಲಿ ಬರೀ ಬೂದು ಬಣ್ಣದ ಚೌಕ. ಗಿರಾಕಿಗಳು ಒಬ್ಬೊಬ್ಬರಾಗಿ ನಮ್ಮಂಥ ಎಳೆಯರ ಕಡೆ ವಾಲಿದರು. ನೊಂಗ್ ದೆಲ್ಫಿನ್ ಸಭೆಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಹಿಂದುಗಡೆ, ಫ್ಯಾನಿನ ಪಕ್ಕದಲ್ಲಿ ಕೈಕಟ್ಟಿ ನಿಂತು ನಾವು ಹೇಳಿದ್ದಕ್ಕೆಲ್ಲ ಒಂದೊಂದು ಕೊಕ್ಕೆ ಹಾಕುವುದೇ ಅವರ ಕೆಲಸವಾಯಿತು.

"ಒಂದು ಬ್ರೌಸರಿಗೆ ಈ ಥರದ ವಿಡಿಯೊ ಬೇಕು, ಇನ್ನೊಂದಕ್ಕೆ ಆ ಥರದ್ದು, ಮೂರನೇದಕ್ಕೆ ಎರಡೂ ಆಗಲ್ಲ! ಮೂರು ಜನ ಸೊಸೇರಿಗೆ ಮೂರು ಥರ ಅಡುಗೆ ಮಾಡಿಟ್ಟ ಹಾಗಾಯ್ತು. ಇದನ್ನ ನೀವು ಸುಧಾರಣೆ ಅಂತೀರಾ?"

"ನೊಂಗ್, ನಿಮ್ಮ ಹಕ್ಕಿ ಹಾರಿ ಬಂದು ಕೂರೋ ಹೊತ್ತಿಗೆ ಗಿರಾಕಿ ಬೇರೆ ಹೋಟೆಲಲ್ಲಿ ರೂಮು ಹಿಡಿದು, ಸ್ನಾನ ಮಾಡಿ, ಮಲಗಿರ್ತಿದ್ದ," ಎನ್ನುತ್ತಿದ್ದ ಜೂನ್‌ರಿ. ಅವನು ನಮ್ಮ ಗುಂಪಿನ ಬಾಯಿಬಡುಕ. ದೋಣಿ ಕಂಪನಿಯೊಂದರ ಟಿಕೆಟ್ ಪುಟ ನೋಡಿಕೊಳ್ಳುತ್ತಿದ್ದ.

ನೊಂಗ್ ದೆಲ್ಫಿನ್ ಜತೆ ಅವರ ಹೆಂಡತಿ ಸೋಲಿಂಗ್ ಕೂಡ ಬರುತ್ತಿದ್ದರು. ಶನಿವಾರ ಇಬ್ಬರೂ ಮಾರುಕಟ್ಟೆಗೆ ಬರುವವರು. ಗಂಡನ ಚರ್ಚೆ ಮುಗಿಯುವವರೆಗೆ ಆಕೆ ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತು ಕ್ರೋಶ ಹೆಣೆಯುತ್ತಿದ್ದರು. ನಮಗೆಲ್ಲ ಆಕೆ ನಾಂಗ್ ಸೋಲಿಂಗ್, ಅಂದರೆ ಅಕ್ಕ. ಬರುವಾಗ ತೆಂಗಿನಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಈಬೊಸ್ ತಂದು ಎಲ್ಲರಿಗೂ ಹಂಚುತ್ತಿದ್ದರು. ಮಾತು ಕಡಿಮೆ. ಏನು ಕೇಳಿದರೂ ನಕ್ಕು ತಲೆಯಾಡಿಸುತ್ತಿದ್ದರು. ಒಮ್ಮೆ ನಾನು, "ನಾಂಗ್, ಕಾಫಿ ಕುಡೀತೀರಾ?" ಎಂದರೆ, "ಹೂಂ, ಈ ಸಲ ತೆಂಗಿನಹಾಲು ಜಾಸ್ತಿ ಹಾಕಿದ್ದೆ," ಎಂದಿದ್ದರು. ಪಾಪ, ಹೆಣಿಗೆಯಲ್ಲಿ ಮೈಮರೆತಿದ್ದಾರೆ ಎಂದುಕೊಂಡು ಸುಮ್ಮನಾಗಿದ್ದೆ.

ಆ ವರ್ಷ ಈಸ್ಟರ್ ಹಬ್ಬ ಕಳೆದ ಮೇಲಿನ ಸಭೆಯಲ್ಲಿ ಮಾತಾಡುವ ಸರದಿ ನನ್ನದು. ಅದಕ್ಕೂ ಮೊದಲು ನಾನು ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ. ವೆಬ್ ಪುಟದ ವಿಡಿಯೊಗೆ ಅಕ್ಷರದ ಸಾಲು ಜೋಡಿಸುವುದು ಹೇಗೆ ಎಂಬುದು ನನ್ನ ವಿಷಯ. ಯಾವ ಮಾತು ಯಾವ ಕ್ಷಣದಲ್ಲಿ ಬರುತ್ತದೆ ಎಂದು ಒಂದು ಪುಟ್ಟ ಕಡತದಲ್ಲಿ ಬರೆದು ವಿಡಿಯೊದ ಪಕ್ಕದಲ್ಲಿಟ್ಟರೆ, ಆ ಕ್ಷಣಕ್ಕೆ ಸರಿಯಾಗಿ ಆ ಮಾತು ಚಿತ್ರದ ಕೆಳಗೆ ಮೂಡುತ್ತದೆ. ಬ್ರೌಸರುಗಳು ಆಗಿನ್ನೂ ಇದನ್ನು ನೆಟ್ಟಗೆ ಕಲಿತಿರಲಿಲ್ಲ. ಚೂರುಪಾರು ಸ್ಕ್ರಿಪ್ಟ್ ಬರೆದು ಸಂಭಾಳಿಸಬೇಕಿತ್ತು.

ತೋರಿಸುವುದಕ್ಕೆ ಜೂನ್‌ರಿ ಒಂದು ವಿಡಿಯೊ ಕೊಟ್ಟಿದ್ದ. ಅದರಲ್ಲಿ ಅವನು ಬಾಣಲೆಯಲ್ಲಿ ಮೀನು ಹುರಿಯುತ್ತಾನೆ. ಫೋನು ಹಿಡಿದು ಚಿತ್ರ ತೆಗೆದವರು ಅವನ ಅಜ್ಜಿ. ಅಜ್ಜಿ ಕಾಣುವುದೇ ಇಲ್ಲ, ದನಿ ಮಾತ್ರ. ಬೈಗುಳದ ಮೇಲೆ ಬೈಗುಳ. ಅವನು ಹಲ್ಲುಕಿರಿಯುತ್ತ ಮೀನು ಮಗುಚುತ್ತಿರುತ್ತಾನೆ.

ಮೊದಲು ಸಾಲುಗಳಿಲ್ಲದೆ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾಂಗ್ ಸೋಲಿಂಗ್ ಹೆಣಿಗೆಯಿಂದ ತಲೆಯೆತ್ತಿ, ನಗುವವರ ಮುಖಗಳನ್ನು ನೋಡಿ, ತಾವೂ ಮುಗುಳ್ನಕ್ಕರು. 

"ಚೆನ್ನಾಗಿದೆ. ಕೇಳಿಸ್ತು, ನಕ್ಕಿದ್ದಾಯ್ತು," ಎಂದರು ನೊಂಗ್ ದೆಲ್ಫಿನ್ ಹಿಂದಿನಿಂದ. "ಇನ್ನು ಅದನ್ನೇ ಬರೆದು ಬೇರೆ ತೋರಿಸ್ಬೇಕಾ? ವಿಡಿಯೊ ನೋಡೋರು ಓದ್ತಾ ಕೂರ್ತಾರಾ, ಇಂದಾಯ್?" ಇಂದಾಯ್ ಎಂದರೆ ಮಗಳೇ ಎಂಬ ಮುದ್ದಿನ ಕರೆ. ಅವರು ಚುಚ್ಚುವಾಗಲೂ ಹಾಗೆಯೇ ಕರೆಯುತ್ತಿದ್ದರು.

ಸಾಲುಗಳನ್ನು ಹಾಕಿ ಮತ್ತೆ ಓಡಿಸಿದೆ. ಓಡಿದ ಮೇಲೆ ಗೊತ್ತಾಯಿತು ನಾನು ಮಾಡಿದ ಎಡವಟ್ಟು. ಚಂದ ಕಾಣಲಿ ಎಂದು ಕೊನೆಗಳಿಗೆಯಲ್ಲಿ ವಿಡಿಯೊದ ಮೊದಲಿಗೆ ನಮ್ಮ ಗುಂಪಿನ ಹೆಸರಿನ ಹಲಗೆಯೊಂದನ್ನು ಅಂಟಿಸಿದ್ದೆ. ಅಷ್ಟರಮಟ್ಟಿಗೆ ಸಾಲುಗಳ ವೇಳೆಯನ್ನು ಮುಂದಕ್ಕೆ ತಳ್ಳುವುದು ಮರೆತಿತ್ತು. ಅಜ್ಜಿ ಬಾಯಿ ಬಿಡುವ ಮೊದಲೇ ಅಜ್ಜಿಯ ಮಾತು ಗೋಡೆಯ ಮೇಲೆ ಬಂದು ನಿಲ್ಲುತ್ತಿತ್ತು.

"ನೋಡಿದ್ರಾ, ಮಾತಿಗಿಂತ ಮುಂಚೆ ಬರಹ ಓಡಿಬರ್ತಿದೆ!" ಎಂದು ನೊಂಗ್ ದೆಲ್ಫಿನ್ ಶುರುಮಾಡಿದರು. 

ಗೋಡೆಯ ಮೇಲೆ ಸಾಲು ಮೂಡಿತು: "ಹೊಗೆ ನೋಡಿ ಪಕ್ಕದ್ಮನೆಯವ್ರು ಫೈರ್ ಎಂಜಿನ್ನಿಗೆ ಫೋನ್ ಮಾಡ್ತಿದಾರೆ. ಬರ್ಲಿ ಬಿಡು, ಅವ್ರಿಗೂ ಎರಡು ಮೀನು ಹಾಕು."

ಅಜ್ಜಿಯ ದನಿ ಇನ್ನೂ ಬಂದಿರಲಿಲ್ಲ. ಆಗ ಮೂಲೆಯ ಬೆತ್ತದ ಕುರ್ಚಿಯಿಂದ ಒಂದು ನಗು ಹೊರಟಿತು. ದೊಡ್ಡ ನಗು, ಎಳೆ ಹುಡುಗಿಯರ ಹಾಗೆ, ತಡೆಯೇ ಇಲ್ಲದ್ದು. ನಾಂಗ್ ಸೋಲಿಂಗ್ ಗೋಡೆಯತ್ತ ಕಣ್ಣು ನೆಟ್ಟು ಮೈಕುಲುಕಿಸಿ ನಗುತ್ತಿದ್ದರು. ಕ್ರೋಶದ ನೂಲಿನುಂಡೆ ಮಡಿಲಿನಿಂದ ಜಾರಿ ನೆಲದ ಮೇಲೆ ಉರುಳಿಹೋಯಿತು. ಆಮೇಲೆ ಅಜ್ಜಿಯ ದನಿ ಬಂತು. ಅದಕ್ಕೆ ಯಾರೂ ನಗಲಿಲ್ಲ. ಎಲ್ಲರೂ ನಾಂಗ್ ಸೋಲಿಂಗ್ ಕಡೆ ತಿರುಗಿದ್ದರು.

ನಾನು ವಿಡಿಯೊ ನಿಲ್ಲಿಸಿದೆ.

"ಗಾ," ಎಂದು ಕರೆದರು ನೊಂಗ್ ದೆಲ್ಫಿನ್. ನಮ್ಮ ಕಡೆ ಗಂಡಹೆಂಡಿರು ಒಬ್ಬರನ್ನೊಬ್ಬರು ಪ್ರೀತಿಯಿಂದ ಕರೆಯುವುದು ಹಾಗೆ. ಅವರು ಆಕೆಯ ಹಿಂದುಗಡೆ, ಕೈಯಳತೆ ದೂರದಲ್ಲೇ ನಿಂತಿದ್ದರು.

ನಾಂಗ್ ಸೋಲಿಂಗ್ ತಿರುಗಲಿಲ್ಲ. ಮುಂದಿನ ಸಾಲು ಬರುತ್ತದೆಂದು ಗೋಡೆಯನ್ನೇ ನೋಡುತ್ತಿದ್ದರು.

"ಸೋಲಿಂಗ್. ಸೋಲಿಂಗ್!"

ಆಕೆ ಕಣ್ಣೊರೆಸಿಕೊಳ್ಳುತ್ತ ನಮ್ಮತ್ತ ನೋಡಿದರು. ಅಷ್ಟೂ ಮುಖಗಳು ತಮ್ಮ ಕಡೆಗೇ ತಿರುಗಿರುವುದು ಕಂಡಿತು. "ಯಾಕೆ? ಮುಗೀತಾ?" ಎಂದು ಕೇಳಿದರು. ಆಮೇಲೆ ಅವರಿಗೇ ಹೊಳೆಯಿತು. ಕೈ ಬಾಯಿಗೆ ಹೋಯಿತು.

ನೊಂಗ್ ದೆಲ್ಫಿನ್ ಬಂದು ಆಕೆಯ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಮುಖದ ಮಟ್ಟಕ್ಕೆ ಮುಖ ತಂದು ಏನೋ ಕೇಳಿದರು. ಆಕೆ ತಲೆ ತಗ್ಗಿಸಿ, ಹೌದೆಂಬಂತೆ ಆಡಿಸಿದರು. ನಮಗೆಲ್ಲ ಇದ್ದಕ್ಕಿದ್ದಂತೆ ಲ್ಯಾಪ್‌ಟಾಪಿನಲ್ಲಿ ಬಹಳ ಕೆಲಸ ಬಂತು. ಬಾಯಿಬಡುಕ ಜೂನ್‌ರಿ ಕೂಡ ಬಗ್ಗಿ ನೂಲಿನುಂಡೆ ಸುತ್ತತೊಡಗಿದ.

ಸಭೆ ಮುಗಿದ ಮೇಲೆ ಎಲ್ಲರೂ ಬಾಚೊಯ್ ತಿಂದು ಹೊರಟರು. ನಾನು ಹೊರಡುವವಳಿದ್ದೆ, ನೊಂಗ್ ದೆಲ್ಫಿನ್ ತಡೆದರು. "ಇಂದಾಯ್ ಲೋವೆಲಿನ್, ನಿನ್ನ ಲ್ಯಾಪ್‌ಟಾಪು ಸ್ವಲ್ಪ ಹೊತ್ತು ಕೊಡ್ತೀಯಾ? ಅಕ್ಷರ ದೊಡ್ಡದು ಮಾಡಿ ಕೊಡು."

ಕೆಳಗಿನ ಮೂಲೆಯ ಮೇಜಿನ ಸುತ್ತ ಮೂವರೂ ಕೂತೆವು. ಬಟ್ಟಲುಗಳಲ್ಲಿ ಸಾರು ಹಬೆಯಾಡುತ್ತಿತ್ತು, ಯಾರೂ ಮುಟ್ಟಲಿಲ್ಲ. ನೊಂಗ್ ದೆಲ್ಫಿನ್ ಎರಡು ಬೆರಳಲ್ಲಿ ಟೈಪ್ ಮಾಡಿದರು: "ಯಾವಾಗಿಂದ?"

ನಾಂಗ್ ಸೋಲಿಂಗ್ ಓದಿದರು. "ಗೊತ್ತಿಲ್ಲ ಗಾ. ಒಂದೇ ಸಲ ಹೋಗಿದ್ದಲ್ಲ. ಮೊದಲು ಹಲ್ಲಿ ಲೊಚಗುಟ್ಟೋದು ಹೋಯ್ತು. ಆಮೇಲೆ ಫೋನು. ಆಮೇಲೆ ಮಂದಿ."

ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಅಂಗಡಿಯಾಕೆ ತಿರುಗಿ ನೋಡುವಷ್ಟು ಜೋರಾಗಿ ಹೇಳಿದರು ಅದನ್ನು. ನೊಂಗ್ ದೆಲ್ಫಿನ್ ಟೈಪ್ ಮಾಡಿದರು: "ಮೆತ್ತಗೆ."

"ಮೆತ್ತಗೇ ಮಾತಾಡ್ತಿದೀನಲ್ಲ!" ಅಂಗಡಿಗೆ ಅಂಗಡಿಯೇ ತಿರುಗಿತು.

ನೊಂಗ್ ದೆಲ್ಫಿನ್ ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡರು. ಬಹಳ ಹೊತ್ತು ಟೈಪ್ ಮಾಡಿದರು. ಅಳಿಸಿದರು, ಮತ್ತೆ ಬರೆದರು. ನಾನು ಓದಬಾರದೆಂದು ಸಾರಿನ ಬಟ್ಟಲು ನೋಡುತ್ತ ಕೂತೆ, ಆದರೆ ಅಕ್ಷರಗಳನ್ನು ಅಷ್ಟು ದೊಡ್ಡದು ಮಾಡಿಕೊಟ್ಟವಳು ನಾನೇ. "ಕೋಣೆಯಿಂದ ಕರೆದರೆ ನೀನು ಬರುತ್ತಿರಲಿಲ್ಲ. ಕೆಲಸ ಹೋದ ಗಂಡನ ಮಾತು ಯಾಕೆ ಕಿವಿಮೇಲೆ ಹಾಕಿಕೊಳ್ಳಬೇಕು ಅಂತ ಇದ್ದೀಯ ಅಂದುಕೊಂಡೆ."

ಆಕೆ ಎರಡು ಸಲ ಓದಿದರು. "ಅಯ್ಯೋ ದಡ್ಡ," ಎಂದರು, ಈ ಸಲ ನಿಜವಾಗಿಯೂ ಮೆತ್ತಗೆ. "ನಾನೇನಂದ್ಕೊಂಡಿದ್ದೆ ಗೊತ್ತಾ? ಕೆಲಸ ಹೋದ ಬೇಜಾರಲ್ಲಿ ನೀನು ಮಾತೇ ಬಿಟ್ಟೆ ಅಂತ. ಬೆನ್ನು ತಿರುಗಿಸಿ ಕಂಪ್ಯೂಟರ್ ಮುಂದೆ ಕೂರ್ತಿದ್ದೆ. ನಿನ್ನ ಬೆನ್ನು ಏನು ಹೇಳ್ತಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಹೇಳಬಾರದಿತ್ತಾ?" ಎಂದು ಅವರು ಟೈಪ್ ಮಾಡಿದರು.

"ನಿನಗಿರೋ ತಲೆಬಿಸಿ ಸಾಲ್ದು ಅಂತ ಇದನ್ನೂ ಹೇಳ್ಲಾ?"

ನಾನು ಉಪ್ಪಿನ ಡಬ್ಬಿ ತರುವ ನೆಪದಲ್ಲಿ ಎದ್ದುಹೋದೆ. ತಿರುಗಿ ಬರುವಾಗ ಇಬ್ಬರೂ ಒಂದೇ ಬಟ್ಟಲಿನಿಂದ ತಿನ್ನುತ್ತಿದ್ದರು. ಆಕೆ ತಮ್ಮ ಪಾಲಿನ ಯಕೃತ್ತಿನ ತುಂಡುಗಳನ್ನು ಆರಿಸಿ ಅವರ ಕಡೆ ತಳ್ಳುತ್ತಿದ್ದರು.

ವೈದ್ಯರು ಪರೀಕ್ಷೆ ಮಾಡಿ ಎಡಗಿವಿ ಹೆಚ್ಚುಕಡಿಮೆ ಹೋಗಿದೆ ಎಂದರು. ಬಲಗಿವಿಗೆ ಯಂತ್ರ ಹಾಕಿದರು. ಅದರಿಂದ ಬಾಗಿಲು ಬಡಿದದ್ದು, ಪಾತ್ರೆ ಬಿದ್ದದ್ದು ತಿಳಿಯುತ್ತಿತ್ತು. ಎದುರಿಗೆ ಕೂತು ನಿಧಾನವಾಗಿ ಆಡಿದ ಮಾತು ಅರ್ಧ ಸಿಗುತ್ತಿತ್ತು. ನಾಲ್ಕು ಜನ ಸೇರಿದರೆ ಎಲ್ಲ ಕಲಸುಮೇಲೋಗರ.

ಒಂದು ಬೆಳಿಗ್ಗೆ ನೊಂಗ್ ದೆಲ್ಫಿನ್ ನನ್ನ ಆಫೀಸಿಗೆ ಬಂದರು. ಕೂದಲು ನೀಟಾಗಿ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸದಾಗಿ ಕೆಲಸಕ್ಕೆ ಸೇರಲು ಬಂದವರ ಹಾಗೆ ಬಾಗಿಲಲ್ಲಿ ನಿಂತಿದ್ದರು. "ಆ ಸಾಲು ಬರೆಯೋದು ಹೇಳಿಕೊಡು. ಮೊದಲಿಂದ. ನನಗೇನೂ ಗೊತ್ತಿಲ್ಲ ಅಂತ್ಲೇ ತಿಳ್ಕೊ."

ಅವರು ಆರಿಸಿಕೊಂಡದ್ದು ಪಾದ್ರಿಯವರ ಭಾನುವಾರದ ಪ್ರವಚನ. ನಾಂಗ್ ಸೋಲಿಂಗ್ ವಾರವಾರವೂ ಇಗರ್ಜಿಗೆ ಹೋಗಿ, ಒಂದು ಮಾತೂ ಕೇಳಿಸದೆ, ಎಲ್ಲರೂ ಎದ್ದಾಗ ಎದ್ದು ಎಲ್ಲರೂ ಕೂತಾಗ ಕೂತು ಬರುತ್ತಿದ್ದರಂತೆ. ನೊಂಗ್ ದೆಲ್ಫಿನ್ ಪಾದ್ರಿಯವರನ್ನು ಕೇಳಿ ಕ್ಯಾಮೆರಾ ಇಟ್ಟು ಚಿತ್ರ ತೆಗೆದರು, ಮನೆಯಲ್ಲಿ ಕೂತು ಸಾಲು ಬರೆದರು. ನನಗೆ ತೋರಿಸಲು ತಂದಾಗ ನಾನು ತಲೆಮೇಲೆ ಕೈಹೊತ್ತೆ. ಅವರು ಮಾತುಗಳನ್ನಷ್ಟೇ ಅಲ್ಲ, ಸದ್ದುಗಳನ್ನೂ ಬರೆದಿದ್ದರು. ಅವರ ಬದುಕೇ ಸದ್ದು ಹುಡುಕುವುದರಲ್ಲಿ ಕಳೆದಿತ್ತಲ್ಲ. ವಾದ್ಯ ನುಡಿಯುವಲ್ಲಿ ನಾವಾದರೆ ಬರೀ "ಸಂಗೀತ" ಎಂದು ಬರೆಯುತ್ತೇವೆ. ಅವರು ಬರೆದದ್ದು: "ಆರ್ಗನ್, ಯಾರೋ ಭಾರವಾದ ಪರದೆಯನ್ನು ನಿಧಾನವಾಗಿ ಸರಿಸಿದ ಹಾಗೆ. ನಡುವೆ ಒಂದು ಸ್ವರ ಕೆಟ್ಟಿದೆ, ಅದು ಬಂದಾಗಲೆಲ್ಲ ನುಡಿಸುವವಳಿಗೆ ಸಿಟ್ಟು."

"ನೊಂಗ್, ಇಷ್ಟುದ್ದ ಬರೆದ್ರೆ ಪಾದ್ರಿಗಳ ಮುಖವೇ ಮುಚ್ಚಿಹೋಗುತ್ತೆ."

"ಹೋಗ್ಲಿ ಬಿಡು, ಅವರ ಮುಖ ಅವಳು ನೋಡದ್ದೇನಲ್ಲ."

ನಾವು ಜಗಳವಾಡಿದೆವು. ಓದುವುದಕ್ಕೆ ಸಮಯ ಬೇಕು, ಒಂದು ಸಾಲಿಗೆ ಇಷ್ಟೇ ಅಕ್ಷರ ಇರಬೇಕು ಎಂದು ನಾನು. ಒಂದು ಸದ್ದಿಗೆ ಸಲ್ಲಬೇಕಾದ್ದು ಸಲ್ಲಬೇಕು ಎಂದು ಅವರು. ಕೊನೆಗೆ ತೀರ್ಪು ಕೊಟ್ಟದ್ದು ನಾಂಗ್ ಸೋಲಿಂಗ್. ಅವರ ಮನೆಯ ಅಡುಗೆಕೋಣೆಯಲ್ಲಿ ಆಕೆ ಮಾವಿನಹಣ್ಣು ಹೆಚ್ಚುತ್ತ ಪೂರ್ತಿ ಪ್ರವಚನ ನೋಡಿದರು. ಕೆಲವು ಕಡೆ ನಕ್ಕರು. ಒಂದೆಡೆ ಮಳೆ ಬಂದಿತ್ತು. ಇಗರ್ಜಿಯ ತಗಡಿನ ಮಾಡಿನ ಮೇಲೆ ಮಳೆ ಬಿದ್ದದ್ದನ್ನು ನೊಂಗ್ ದೆಲ್ಫಿನ್ ಮೂರು ಸಾಲು ವರ್ಣಿಸಿದ್ದರು. ಆಕೆ ಅಲ್ಲೇ ನಿಲ್ಲಿಸಿದರು.

"ಗಾ, ಮಳೆ ಸದ್ದು ನನಗೆ ಬರೆದು ತೋರಿಸ್ಬೇಡ. ಮಳೆ ನನಗೆ ನೆನಪಿದೆ. ಅರೆವಾಲೊ ಅಲೆಯೂ ನೆನಪಿದೆ, ನಿನ್ನ ಆ ಗಿಟಾರೂ ನೆನಪಿದೆ."

ನೊಂಗ್ ದೆಲ್ಫಿನ್ ಮುಖ ಸಣ್ಣಗಾಯಿತು. "ಮತ್ತೆ ಏನು ಬರೀಲಿ?"

"ಈ ವಿಡಿಯೊ ತೆಗೆಯೋವಾಗ ನೀನು ನನ್ನ ಪಕ್ಕದಲ್ಲೇ ಕೂತು ಏನೋ ಗೊಣಗ್ತಿದ್ದೆ. ತುಟಿ ಅಲ್ಲಾಡ್ತಿತ್ತು. ಅದೇನು?"

"ಅದಾ? ಅದು... ಏನೂ ಇಲ್ಲ. ಪಾದ್ರಿಗಳು ಹೋದ ವರ್ಷವೂ ಇದೇ ಕತೆ ಹೇಳಿದ್ರು, ಆಗ ಒಂಟೆ ಇತ್ತು, ಈಗ ಕತ್ತೆ ಆಗಿದೆ ಅಂತ."

ನಾಂಗ್ ಸೋಲಿಂಗ್ ಚಾಕು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದನ್ನ ಬರಿ! ನೀನು ಗೊಣಗೋದನ್ನ ಬರಿ. ನನಗೆ ತಪ್ಪಿಹೋಗಿರೋದು ಅದೇ."

ಅಂದಿನಿಂದ ಅವರ ಮನೆಯ ಪ್ರವಚನಗಳಲ್ಲಿ ಪಾದ್ರಿಯವರ ಮಾತು ಬಿಳಿ ಅಕ್ಷರದಲ್ಲೂ ನೊಂಗ್ ದೆಲ್ಫಿನ್ ಗೊಣಗಾಟ ಹಳದಿ ಅಕ್ಷರದಲ್ಲೂ ಮೂಡತೊಡಗಿದವು. ಹೊರಗಿನವರಿಗೆ ಹಾಕುವ ಪುಟದಲ್ಲಿ ಬಿಳಿಯದು ಮಾತ್ರ ಇರುತ್ತಿತ್ತು. ಒಂದು ವಾರ ಮರೆತು ಹಳದಿಯನ್ನೂ ಹಾಕಿಬಿಟ್ಟರು. ಪಾದ್ರಿಯವರು ಓದಿದರು. ಮುಂದಿನ ಭಾನುವಾರ ಪೀಠದ ಮೇಲಿಂದಲೇ, "ಈ ವಾರ ಹೊಸ ಕತೆ ತಂದಿದ್ದೀನಿ, ದೆಲ್ಫಿನ್," ಎಂದರು. ಇಗರ್ಜಿ ಪೂರ್ತಿ ನಕ್ಕಿತಂತೆ. ನಾಂಗ್ ಸೋಲಿಂಗ್ ಮಾತ್ರ ಮನೆಗೆ ಹೋಗಿ ಸಾಲು ಓದಿದ ಮೇಲೆ ಆ ನಗು ನಕ್ಕರು.

ಆ ಪುಟ ನೋಡಿದ ಒಂದು ಕಾಲೇಜಿನವರು ತಮ್ಮ ಪಾಠಗಳ ವಿಡಿಯೊಗಳಿಗೂ ಸಾಲು ಬರೆಯಲು ಅವರನ್ನು ಕರೆದರು. ಆ ಕಾಲೇಜಿನಲ್ಲಿ ಕಿವಿ ಕೇಳದ ವಿದ್ಯಾರ್ಥಿಗಳಿದ್ದರು. ಅವರಲ್ಲಿ ಒಬ್ಬಳು ಹುಡುಗಿ ನೊಂಗ್ ದೆಲ್ಫಿನ್ ಬರೆದದ್ದನ್ನು ತಿದ್ದಿ, ಚೀಟಿಯಲ್ಲಿ, "ತಾತ, ಮೇಷ್ಟ್ರು ಕೆಮ್ಮಿದ್ದನ್ನೆಲ್ಲ ಬರೆಯಬೇಡಿ, ಪರೀಕ್ಷೆಗೆ ಬರಲ್ಲ," ಎಂದು ಬರೆದುಕೊಟ್ಟಳಂತೆ. ಆ ಚೀಟಿಯನ್ನು ಅವರು ಸಭೆಗೆ ತಂದು ನಮಗೆಲ್ಲ ಹೆಮ್ಮೆಯಿಂದ ತೋರಿಸಿದರು.

ನಮ್ಮ ಸಭೆಯೂ ಬದಲಾಯಿತು. ಯಾರೇ ಮಾತಾಡಲಿ, ಒಬ್ಬರು ಪಕ್ಕದಲ್ಲಿ ಕೂತು ಆ ಮಾತನ್ನು ಗೋಡೆಯ ಮೇಲೆ ಟೈಪ್ ಮಾಡುತ್ತಾರೆ. ನಾಂಗ್ ಸೋಲಿಂಗ್ ಈಗ ಮೂಲೆಯಲ್ಲಿ ಕೂರುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತು, ಓದಿ, ಕೈಯೆತ್ತಿ ಪ್ರಶ್ನೆ ಕೇಳುತ್ತಾರೆ. "ಅದೇನದು, ಒಂದೇ ವಿಡಿಯೊನ ಮೂರು ಥರ ಯಾಕೆ ಮಾಡ್ಬೇಕು?" ಎಂದು ಆಕೆ ಕೇಳಿದ ದಿನ ನೊಂಗ್ ದೆಲ್ಫಿನ್ ಎದ್ದುನಿಂತು, ಹೊಸ ಕಾಲದ ಪರವಾಗಿ, ಅರ್ಧ ಗಂಟೆ ವಿವರಿಸಿದರು. ಟೈಪ್ ಮಾಡುತ್ತಿದ್ದ ಜೂನ್‌ರಿಯ ಬೆರಳು ಸೋತುಹೋಯಿತು.

ಮಾವಿನ ಸುಗ್ಗಿಯಲ್ಲಿ ಆ ಗಂಡಹೆಂಡತಿ, ಜೂನ್‌ರಿ, ನಾನು, ಹೀಗೆ ನಾಲ್ವರೂ ಒಂದು ಭಾನುವಾರ ಗಿಮರಾಸ್ ದ್ವೀಪಕ್ಕೆ ಹೊರಟೆವು. ಜೂನ್‌ರಿ ಕೆಲಸ ಮಾಡುವ ಕಂಪನಿಯದೇ ದೋಣಿ. ಆ ದೋಣಿಗಳ ಎಂಜಿನ್ನು ನಿಮಗೆ ಗೊತ್ತಿಲ್ಲದಿದ್ದರೆ ಪುಣ್ಯವಂತರು. ಹೊರಟಿತೆಂದರೆ ಪಕ್ಕದಲ್ಲಿ ಕೂತವರು ಕಿರುಚಿದರೂ ಕೇಳಿಸದು. ನಾನೂ ಜೂನ್‌ರಿಯೂ ಸ್ವಲ್ಪ ಹೊತ್ತು ಬಾಯಿಬಾಯಿ ನೋಡಿಕೊಂಡು, "ಏನು? ಏನಂದೆ?" ಎಂದು ಕೂಗಾಡಿ, ಸೋತು ಸುಮ್ಮನಾದೆವು. ದೋಣಿಯ ತುಂಬ ಜನ ಹಾಗೆಯೇ ಮೂಕರಾಗಿ ಕೂತಿದ್ದರು.

ಎದುರಿನ ಹಲಗೆಯ ಮೇಲೆ ಆ ಇಬ್ಬರು ಮಾತ್ರ ಮಾತಾಡುತ್ತಿದ್ದರು. ಮೊಣಕಾಲಿಗೆ ಮೊಣಕಾಲು ತಾಗಿಸಿ, ಮುಖಕ್ಕೆ ಮುಖ ಕೊಟ್ಟು, ತುಟಿ ನೋಡಿಕೊಂಡು, ಒಂದಿಷ್ಟು ಕೈಸನ್ನೆ ಬೆರೆಸಿ, ಮನೆಯ ಜಗಲಿಯಲ್ಲಿ ಕೂತವರಷ್ಟು ಆರಾಮಾಗಿ. ನೊಂಗ್ ದೆಲ್ಫಿನ್ ಏನೋ ಗೊಣಗುವುದು, ಆಕೆ ಅವರ ತೊಡೆಗೆ ಹೊಡೆದು ನಗುವುದು. ಏನು ಮಾತೋ ಒಂದೂ ತಿಳಿಯದು. ನೋಡುತ್ತ ನೋಡುತ್ತ ನನಗೂ ಸುಮ್ಮಸುಮ್ಮನೆ ನಗು ಬಂತು.

ದ್ವೀಪದ ದೋಣಿಕಟ್ಟೆ ಬಂತು. ದೋಣಿಯವನು ಎಂಜಿನ್ನು ಆರಿಸಿದ. ಅದು ನಾಂಗ್ ಸೋಲಿಂಗ್‌ಗೆ ಗೊತ್ತಾಗಲಿಲ್ಲ. ಆ ನಿಶ್ಶಬ್ದದಲ್ಲಿ ಆಕೆಯ ದನಿ ದೋಣಿಗೂ ಕಟ್ಟೆಗೂ ಕಟ್ಟೆಯ ಮೇಲೆ ಮಾವು ಮಾರುತ್ತಿದ್ದ ಹೆಂಗಸರಿಗೂ ಒಟ್ಟಿಗೇ ಕೇಳಿಸಿತು:

"...ಆ ಜೂನ್‌ರಿ ನಮ್ಮ ಲೋವೆಲಿನ್‌ನ ಹೇಗೆ ನೋಡ್ತಾನೆ ಅಂತ ಗಮನಿಸಿದ್ಯಾ? ಹೇಳೋಕೆ ಮಾತ್ರ ಬಾಯಿಲ್ಲ ಪಾಪದವನಿಗೆ!"

ಮಾವಿನ ಹೆಂಗಸರು ಹೋ ಎಂದರು. ಜೂನ್‌ರಿ ಕಿವಿಯವರೆಗೂ ಕೆಂಪಾಗಿ, ಇಳಿಯುವ ಅವಸರದಲ್ಲಿ ಒಂದು ಕಾಲನ್ನು ನೀರಿಗೇ ಇಟ್ಟ.